ಜೊಂಡಿನ ಬೇರಿಗೂ ಟೆಂಡರಿನಲ್ಲಿ ಒಂದು ಸಾಲು ಇರಲಿ: ಕೆರೆಗಳ ಹೊಣೆ ಹೊತ್ತವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ರಾಜ್ಯದ ನಗರ ಮತ್ತು ಪಟ್ಟಣಗಳ ಕೆರೆಗಳ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೂ, ಕೆರೆ ಅಭಿವೃದ್ಧಿ ಕಾಮಗಾರಿಗಳ ಅಂದಾಜುಪಟ್ಟಿ ಮತ್ತು ಟೆಂಡರ್ ಷರತ್ತುಗಳನ್ನು ಸಿದ್ಧಪಡಿಸುವ ಎಂಜಿನಿಯರುಗಳಿಗೂ ಈ ಪತ್ರ ಬರೆಯುತ್ತಿದ್ದೇನೆ. ನಾನು ಪದವಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಬೆಂಗಳೂರಿನ ಹೊರವಲಯದ ಒಂದು ಕೆರೆಯ ಏರಿಯ ಪಕ್ಕದಲ್ಲೇ ನನ್ನ ಮನೆ. ಆ ಕೆರೆಗೆ ಕಾಲುವೆ ಬಂದು ಸೇರುವ ಕಡೆ, ಸಣ್ಣ ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರನ್ನು ಇನ್ನಷ್ಟು ತಿಳಿಗೊಳಿಸಲೆಂದು ಕೆಲವು ವರ್ಷಗಳ ಹಿಂದೆ ಒಂದು ಕೃತಕ ಜೌಗನ್ನು ಕಟ್ಟಿದ್ದಾರೆ. ಮೊದಲು ಹೂಳು ಕೂರುವ ಗುಂಡಿ, ಆಮೇಲೆ ಜಲ್ಲಿ ಹಾಸಿದ ಮಡಿಗಳು, ಮಡಿಗಳ ತುಂಬ ಜೊಂಡು ಮತ್ತು ಕಾಬಾಳೆ, ಅದರಾಚೆ ಕೆರೆ. ಇಂಥ ಜೌಗುಗಳನ್ನು ಕಟ್ಟಲು ಮುಂದಾದದ್ದಕ್ಕೆ ನಾನು ನಿಮಗೆ ನಿಜವಾಗಿಯೂ ಕೃತಜ್ಞ. ನನ್ನ ಅಳಲು ಏನಿದ್ದರೂ ಅವುಗಳನ್ನು ಕಟ್ಟಿದ ಮೇಲೆ ನೋಡಿಕೊಳ್ಳುತ್ತಿರುವ ಬಗೆಯ ಕುರಿತದ್ದು.

ಕಳೆದ ಬೇಸಿಗೆಯಲ್ಲಿ ನಮ್ಮ ಕೆರೆಯ ನಡಿಗೆ ಪಥದ ಉದ್ಘಾಟನೆಗೆ ದಿನ ಗೊತ್ತಾಯಿತು. ಅದಕ್ಕೆ ವಾರ ಇರುವಾಗ ನಿರ್ವಹಣೆಯ ಗುತ್ತಿಗೆ ಪಡೆದವರು ಯಂತ್ರ ತಂದು, ಎರಡೇ ದಿನದಲ್ಲಿ ಜೌಗಿನ ಜೊಂಡನ್ನೆಲ್ಲ ಬುಡಸಮೇತ ಕಿತ್ತು, ಮಡಿಗಳ ಜಲ್ಲಿಯನ್ನು ತೋಡಿ ತೆಗೆದು, ಹೊಸ ಜಲ್ಲಿ ಸುರಿದು, ಅಂಚಿಗೆಲ್ಲ ಬ್ಲೀಚಿಂಗ್ ಪುಡಿ ಎರಚಿದರು. ನೋಡಲು ಬಹಳ ಚೊಕ್ಕಟವಾಗಿತ್ತು. ಗುತ್ತಿಗೆದಾರರಾಗಲಿ ಮೇಲ್ವಿಚಾರಣೆಗೆ ಬಂದ ಕಿರಿಯ ಎಂಜಿನಿಯರಾಗಲಿ ಷರತ್ತು ಮೀರಿ ಏನೂ ಮಾಡಿರಲಿಲ್ಲ. ನಾನು ಕಾರ್ಯಾದೇಶದ ಪ್ರತಿಯನ್ನು ಕೇಳಿ ಪಡೆದು ಓದಿದೆ. ಅದರಲ್ಲಿ ‘ಕಳೆ ಮತ್ತು ಜೊಂಡು ತೆಗೆಯುವುದು’ ಎಂದು ಚದರ ಮೀಟರ್ ಲೆಕ್ಕದಲ್ಲಿ ದರವಿತ್ತು. ‘ಹೂಳು ತೆಗೆಯುವುದು’ ಎಂದು ಘನ ಮೀಟರ್ ಲೆಕ್ಕದಲ್ಲಿ ದರವಿತ್ತು. ಜೌಗು ನೀರನ್ನು ಶುದ್ಧ ಮಾಡುತ್ತಿದೆಯೇ ಇಲ್ಲವೇ ಎಂದು ನೋಡುವ ಒಂದು ಸಾಲೂ ಇರಲಿಲ್ಲ.

ಅಲ್ಲಿಂದ ಮುಂದಿನ ದಿನಗಳಲ್ಲಿ ಜೌಗಿನಿಂದ ಕೆರೆಗೆ ಬೀಳುವ ನೀರನ್ನು ಮನೆಯಲ್ಲಿ ಅಕ್ವೇರಿಯಂ ಇಟ್ಟವರು ಬಳಸುವ ಸಾದಾ ಅಮೋನಿಯ ಕಿಟ್‌ನಲ್ಲಿ ನೋಡುತ್ತ ಬಂದೆ. ಹಿಂದಿನ ತಿಂಗಳುಗಳಲ್ಲಿ ನಸು ಹಳದಿಗೇ ನಿಲ್ಲುತ್ತಿದ್ದ ಬಣ್ಣ ಈಗ ಪ್ರತಿ ಸಲವೂ ಕಡು ಹಸಿರಿಗೆ, ಅಂದರೆ ಹೆಚ್ಚು ಅಮೋನಿಯದ ಗುರುತಿಗೆ, ತಿರುಗತೊಡಗಿತು. ಮೊದಲ ಗುಡುಗು ಮಳೆಯ ಮರುದಿನ ಬೆಳಿಗ್ಗೆ ಕೋಡಿಯ ಬಳಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವು ಸತ್ತದ್ದಕ್ಕೆ ಜೌಗನ್ನು ತೋಡಿದ್ದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಮೊದಲ ಮಳೆ ಕಾಲುವೆಯ ಕೊಳೆಯನ್ನೆಲ್ಲ ಒಮ್ಮೆಗೇ ಎಳೆದು ತರುತ್ತದೆ, ತಳದ ಕೆಸರು ಕಲಕಿ ನೀರಿನ ಆಮ್ಲಜನಕ ಕುಸಿಯುತ್ತದೆ. ಇದು ಎಲ್ಲ ಊರಿನ ಕೆರೆಗಳಲ್ಲೂ ಆಗುವಂಥದ್ದು. ಆದರೆ ಆ ಹೊಡೆತವನ್ನು ತಡೆದುಕೊಳ್ಳಲೆಂದೇ ಇದ್ದ ವ್ಯವಸ್ಥೆ ಆ ದಿನ ಅಲ್ಲಿರಲಿಲ್ಲ ಎಂಬುದಂತೂ ನಿಜ. ಜೊಂಡನ್ನು ಮತ್ತೆ ನೆಟ್ಟಿದ್ದರು, ಜಲ್ಲಿಯೂ ಇತ್ತು. ಇಲ್ಲವಾದದ್ದು ಆ ಜಲ್ಲಿಯ ಮೇಲೂ ಬೇರಿನ ಮೇಲೂ ವರ್ಷಗಟ್ಟಲೆ ಬೇರೂರಿದ್ದ ಬ್ಯಾಕ್ಟೀರಿಯಾಗಳ ಸಮುದಾಯ.

ಜೌಗಿನಲ್ಲಿ ನೀರನ್ನು ಶುದ್ಧ ಮಾಡುವುದು ಗಿಡಗಳು ಎಂಬ ಭಾವನೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಕೆರೆಗಳ ಬಳಿ ನಿಲ್ಲಿಸಿರುವ ಫಲಕಗಳಲ್ಲೂ ‘ಸಸ್ಯಗಳು ಕೊಳೆಯನ್ನು ಹೀರಿಕೊಳ್ಳುತ್ತವೆ’ ಎಂದೇ ಬರೆದಿರುತ್ತದೆ. ಗಿಡ ಹೀರುವುದು ಸುಳ್ಳಲ್ಲ, ಆದರೆ ಕೊಳಚೆ ನೀರಿನ ಭಾರ ಹೊತ್ತ ಜೌಗಿನಲ್ಲಿ, ಅಮೋನಿಯದಂಥ ರೂಪದಲ್ಲಿ ಬರುವ ಸಾರಜನಕದ ದೊಡ್ಡ ಪಾಲನ್ನು ತೆಗೆಯುವುದು ಬ್ಯಾಕ್ಟೀರಿಯಾ. ಗಿಡದ ಮುಖ್ಯ ಕೆಲಸ ಅವಕ್ಕೆ ಮನೆ ಕಟ್ಟಿಕೊಡುವುದು. ಜೌಗಿನ ಅಂಚಿಗೆ ಹೋಗಿ ಒಂದು ಜೊಂಡಿನ ಬುಡಕ್ಕೆ ಕೈಹಾಕಿ, ಬೇರು ಹರಿಯದಂತೆ ಮೆಲ್ಲನೆ ಮೇಲೆತ್ತಿ ನೋಡಿ. ಸುತ್ತಲಿನ ಕೆಸರು ಇದ್ದಿಲಿನಂತೆ ಕಪ್ಪು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಆದರೆ ಅದೇ ಕೆಸರಿನಿಂದ ಹೊರಬಂದ ಎಳೆಯ ಬೇರಿನ ಮೇಲೆ ತುಕ್ಕು ಹಿಡಿದ ತಂತಿಯ ಹಾಗೆ ಕೆಂಗಂದು ಲೇಪ ಇರುತ್ತದೆ. ಅದು ನಿಜಕ್ಕೂ ತುಕ್ಕೇ. ಜೊಂಡಿನ ಕಾಂಡದೊಳಗೆ ಗಾಳಿ ಹರಿಯುವ ಟೊಳ್ಳು ಅಂಗಾಂಶವಿದ್ದು, ಎಲೆಯ ಕಡೆಯಿಂದ ಇಳಿದ ಆಮ್ಲಜನಕ ಬೇರಿನ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಆ ಆಮ್ಲಜನಕ ಕೆಸರಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕಾಗಿಸಿ ಬೇರಿಗೆ ಅಂಟಿಸುತ್ತದೆ. ಅಂದರೆ ಒಂದೇ ಬೇರಿನ ಮೈಯಲ್ಲಿ ಆಮ್ಲಜನಕವಿದೆ, ಅದರಿಂದ ಕೂದಲೆಳೆಯಷ್ಟು ಆಚೆ ಅದು ಇಲ್ಲ. ಜೌಗಿನ ಶಕ್ತಿಯೆಲ್ಲ ಈ ಗಡಿಯಲ್ಲಿದೆ.

ಗಡಿಯ ಈ ಕಡೆ ಗಾಳಿಯನ್ನು ಉಸಿರಾಡುವ ಬ್ಯಾಕ್ಟೀರಿಯಾಗಳು ಕೂರುತ್ತವೆ. ಅವುಗಳಲ್ಲಿ ನೈಟ್ರೊಸೊಮೊನಾಸ್ ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಸ್ಪೈರ ಮತ್ತು ನೈಟ್ರೊಬ್ಯಾಕ್ಟರ್ ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಈ ಎರಡೂ ಹೆಜ್ಜೆಯನ್ನು ಒಂದೇ ಜೀವಿ ಇಡಬಲ್ಲದು ಎಂದು 2015ರಲ್ಲಿ ಗೊತ್ತಾಯಿತು. ಅದೂ ನೈಟ್ರೊಸ್ಪೈರ ಕುಲದ್ದೇ. ಗಡಿಯ ಆ ಕಡೆ, ಗಾಳಿಯಿಲ್ಲದ ಜಾಗದಲ್ಲಿ, ಸ್ಯೂಡೊಮೊನಾಸ್, ಪ್ಯಾರಾಕಾಕಸ್, ಥಾವೆರ ಮುಂತಾದ ಕುಲಗಳ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲಿಗೆ ನೈಟ್ರೇಟನ್ನೇ ಉಸಿರಾಡಿ, ಕೊನೆಗೆ ಅದನ್ನು ನಿರುಪದ್ರವಿ ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಟ್ಟುಬಿಡುತ್ತವೆ. ಅಮೋನಿಯ ಮತ್ತು ನೈಟ್ರೈಟನ್ನು ಜೋಡಿಸಿ ನೇರವಾಗಿ ಅನಿಲ ಮಾಡುವ ಮತ್ತೊಂದು ಗುಂಪೂ ಇದೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಕೊಳಚೆ ಶುದ್ಧೀಕರಣದ ಪ್ರಯೋಗಗಳ ನಡುವೆ 1990ರ ದಶಕದಲ್ಲಿ ಅದು ಬೆಳಕಿಗೆ ಬಂತು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಉಣ್ಣುವ ಈ ಏರ್ಪಾಡು ನಡೆಯುವುದು ಲೋಳೆಯಂಥ ತೆಳು ಪದರವೊಂದರಲ್ಲಿ. ಹಳೆಯ ಜಲ್ಲಿಯ ಒಂದು ಕಲ್ಲನ್ನು ಎತ್ತಿ ಬೆರಳಾಡಿಸಿದರೆ ಜಾರುವುದು ಅದೇ ಪದರ. ನಮ್ಮ ಗುತ್ತಿಗೆದಾರರು ಕೊಳೆಯೆಂದು ತಿಳಿದು ಲಾರಿಗೆ ತುಂಬಿಸಿ ಕಳಿಸಿದ್ದು ಅದನ್ನೇ.

ಇದನ್ನು ಮನುಷ್ಯರು ಕಂಡುಕೊಂಡ ಕಥೆ ನಮ್ಮ ಈ ವಿಷಯಕ್ಕೆ ಬಹಳ ಹತ್ತಿರದ್ದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1877ರಲ್ಲಿ ಪ್ಯಾರಿಸ್‌ನಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಗಾಜಿನ ಉದ್ದ ಕೊಳವೆಯಲ್ಲಿ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಮೇಲಿನಿಂದ ಕೊಳಚೆ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಮೊದಲ ದಿನಗಳಲ್ಲಿ ಅಮೋನಿಯ ಹೇಗೆ ಹೋಯಿತೋ ಹಾಗೇ ಕೆಳಗಿಳಿಯಿತು. ಸುಮಾರು ಇಪ್ಪತ್ತು ದಿನಗಳ ಬಳಿಕ ಕೆಳಗೆ ನೈಟ್ರೇಟ್ ಕಾಣಿಸತೊಡಗಿತು, ಅಮೋನಿಯ ಮಾಯವಾಯಿತು. ಇದು ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆರಂಭವಾಗಬೇಕಿತ್ತು. ಆಮೇಲೆ ಅವರು ಕೊಳವೆಯೊಳಗೆ ಕ್ಲೋರೋಫಾರ್ಮ್ ಆವಿ ಬಿಟ್ಟರು, ನೈಟ್ರೇಟ್ ನಿಂತುಹೋಯಿತು. ಆವಿಯನ್ನು ನಿಲ್ಲಿಸಿದ ಮೇಲೂ ಅದು ತಾನಾಗಿ ಮರಳಲಿಲ್ಲ. ಮಣ್ಣನ್ನು ನೀರಿನಲ್ಲಿ ಕದಡಿ ಆ ನೀರನ್ನು ಮೇಲಿನಿಂದ ಸುರಿದ ಬಳಿಕವೇ ಮತ್ತೆ ಶುರುವಾಯಿತು. ಈ ಕೆಲಸ ಮಾಡುವುದು ಜೀವಿಗಳೇ ಎಂಬುದು ಹೀಗೆ ಖಚಿತವಾಯಿತು. ಆ ಜೀವಿಗಳನ್ನು ಬೇರ್ಪಡಿಸಿ ಎರಡು ಹೆಜ್ಜೆಗಳನ್ನೂ ತೋರಿಸಿದವರು 1890ರ ಸುಮಾರಿಗೆ ಜ್ಯೂರಿಕ್‌ನಲ್ಲಿದ್ದ ಸೆರ್ಗೈ ವಿನೊಗ್ರಾಡ್ಸ್ಕಿ. ಜೊಂಡು ನೆಟ್ಟು ಕೊಳಚೆ ಶುದ್ಧ ಮಾಡುವ ಪ್ರಯೋಗಗಳನ್ನು ಜರ್ಮನಿಯ ಕೇಟೆ ಜೈಡೆಲ್ ಆರಂಭಿಸಿದ್ದು ಅದಕ್ಕೂ ಬಹಳ ಆಮೇಲೆ, 1950ರ ದಶಕದಲ್ಲಿ.

ನಮ್ಮ ಜಲ್ಲಿಯ ಮಡಿ ಪ್ಯಾರಿಸ್ಸಿನ ಆ ಕೊಳವೆಯ ದೊಡ್ಡ ರೂಪವೇ ಆಗಿದೆ. ಹೊಸ ಜಲ್ಲಿ ಹಾಕಿದ ದಿನ ಅದು ಮೊದಲ ದಿನದ ಕೊಳವೆ. ಬ್ಲೀಚಿಂಗ್ ಪುಡಿ ಎರಚಿದ ದಿನ ಅದು ಕ್ಲೋರೋಫಾರ್ಮ್ ಕುಡಿದ ಕೊಳವೆ. ವ್ಯತ್ಯಾಸವೆಂದರೆ ಪ್ಯಾರಿಸ್‌ನಲ್ಲಿ ಕೆಳಗೆ ಬೀಳುತ್ತಿದ್ದ ನೀರು ಪಾತ್ರೆ ಸೇರುತ್ತಿತ್ತು, ಇಲ್ಲಿ ಮೀನಿರುವ ಕೆರೆಯನ್ನು ಸೇರುತ್ತದೆ.

ಈ ಬ್ಯಾಕ್ಟೀರಿಯಾಗಳು ಬಹಳ ನಿಧಾನದವು ಎಂಬುದನ್ನು ದಯವಿಟ್ಟು ಗಮನಿಸಬೇಕು. ಕರುಳಿನ ಇ. ಕೋಲಿ ಪ್ರಯೋಗಾಲಯದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಅಮೋನಿಯವನ್ನು ಸುಟ್ಟು ಬದುಕುವವು ಇಮ್ಮಡಿಯಾಗುವುದಕ್ಕೆ ಹೊರಗಿನ ನೀರಿನಲ್ಲಿ ಸಾಮಾನ್ಯವಾಗಿ ದಿನದ ಲೆಕ್ಕವೇ ಬೇಕು, ಏಕೆಂದರೆ ಅವುಗಳಿಗೆ ಸಿಗುವ ಶಕ್ತಿ ಅಲ್ಪ. ಜೊತೆಗೆ ಅವುಗಳ ಬೇಡಿಕೆಯೂ ದೊಡ್ಡದು: 1 ಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು, ನೀರಿನ ಕ್ಷಾರೀಯತೆ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ 7 ಗ್ರಾಂನಷ್ಟು ಖರ್ಚಾಗುತ್ತದೆ. ಬೇರುಗಳು ಸೋರುವ ಆಮ್ಲಜನಕ ಇದಕ್ಕೆಲ್ಲ ಸಾಲುವುದಿಲ್ಲ. ಆದಕಾರಣವೇ ಜಲ್ಲಿಯ ಮಡಿಗಳಿಗೆ ನೀರನ್ನು ಸರದಿಯಂತೆ ಬಿಟ್ಟು, ಒಂದು ಮಡಿ ಬಸಿದು ಗಾಳಿ ಎಳೆದುಕೊಳ್ಳುವಾಗ ಇನ್ನೊಂದಕ್ಕೆ ನೀರು ಹೋಗುವಂತೆ ವಿನ್ಯಾಸ ಮಾಡುವುದು. ನಮ್ಮ ಜೌಗಿನಲ್ಲೂ ಇದಕ್ಕೆಂದು ನಾಲ್ಕು ತೂಬುಗಳಿದ್ದವು. ಸರದಿ ಬದಲಿಸುವುದು ಯಾರ ಕೆಲಸ ಎಂದು ಬರೆದಿರಲಿಲ್ಲವಾದ್ದರಿಂದ ನಾಲ್ಕೂ ಸದಾ ತೆರೆದೇ ಇದ್ದವು. ಮಡಿಗಳು ಸದಾ ಮುಳುಗಿಯೇ ಇದ್ದವು.

ಅಮೋನಿಯ ಉಳಿದರೇನು ಎಂದು ನೀವು ಕೇಳಬಹುದು, ಏಕೆಂದರೆ ನಿಮ್ಮ ಮುಂದೆ ಬರುವ ವರದಿಗಳಲ್ಲಿ ಬಿಒಡಿ (ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ಅರಗಿಸಲು ಬೇಕಾಗುವ ಆಮ್ಲಜನಕದ ಅಳತೆ) ಮಿತಿಯೊಳಗೇ ಇರುತ್ತದೆ. ತೊಡಕು ಇರುವುದು ಇಲ್ಲಿಯೇ. ಶುದ್ಧೀಕರಣ ಘಟಕಗಳಿಗೆ ಕೇಂದ್ರ ಸರ್ಕಾರ 2015ರಲ್ಲಿ ಹೊರಡಿಸಿದ ಕರಡು ಮಾನದಂಡಗಳಲ್ಲಿ ಅಮೋನಿಯಕ್ಕೂ ಒಟ್ಟು ಸಾರಜನಕಕ್ಕೂ ಮಿತಿ ಇತ್ತು. 2017ರ ಅಂತಿಮ ಅಧಿಸೂಚನೆಯಲ್ಲಿ ಅವೆರಡೂ ಉಳಿಯಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇನ್ನೂ ಬಿಗಿಯಾದ ಮಿತಿಗಳು ಬೇಕೆಂದು, ಸಾರಜನಕವನ್ನೂ ಸೇರಿಸಿ ಆದೇಶಿಸಿತು. ಕಾಗದದ ಮೇಲೆ ಯಾವ ಮಿತಿಯೇ ಇರಲಿ, ಮೀನಿಗೆ ಅಮೋನಿಯ ವಿಷ. ನೀರಿನ ಪಿಎಚ್ (ಆಮ್ಲ–ಕ್ಷಾರದ ಅಳತೆ) 7 ಇದ್ದಾಗ ಅದರಲ್ಲಿ ವಿಷದ ರೂಪದಲ್ಲಿರುವುದು ಶೇ 1ಕ್ಕಿಂತ ಕಡಿಮೆ. ಬಿಸಿಲಿನ ಮಧ್ಯಾಹ್ನ ಹಸಿರು ಪಾಚಿ ತುಂಬಿದ ಕೆರೆಯಲ್ಲಿ ಪಿಎಚ್ 9 ಮುಟ್ಟಿದರೆ ಅದೇ ಅಮೋನಿಯದ ಮೂರನೇ ಒಂದು ಪಾಲು ವಿಷದ ರೂಪಕ್ಕೆ ತಿರುಗುತ್ತದೆ. ಬೆಳಿಗ್ಗೆ ಹತ್ತಕ್ಕೆ ತೆಗೆದ ಮಾದರಿ ಸಂಜೆಯ ಕೆರೆಯ ಕಥೆ ಹೇಳುವುದಿಲ್ಲ. ಬಿಒಡಿಯಂತೂ ಅಮೋನಿಯದ ಮಾತನ್ನೇ ಎತ್ತುವುದಿಲ್ಲ.

ಕೋಲಾರದ ಕಡೆ ನೋಡಿದರೆ ಈ ಮಾತು ಇನ್ನೂ ಗಂಭೀರವಾಗುತ್ತದೆ. ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಡಿ 2018ರಿಂದ, ಎರಡನೇ ಹಂತದವರೆಗೆ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು ಆ ಜಿಲ್ಲೆಯ ಕೆರೆಗಳನ್ನು ತುಂಬುತ್ತಿದೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಬರದಲ್ಲಿ ಬೆಂದ ಜಿಲ್ಲೆಗೆ ನೀರು ಬಂದದ್ದು ದೊಡ್ಡ ವಿಷಯ, ಅದನ್ನು ಹಗುರ ಮಾಡುವ ಉದ್ದೇಶ ನನ್ನದಲ್ಲ. ಆದರೆ ಆ ಕೆರೆಗಳ ನೀರು ಇಂಗುವುದು ಜನ ಕುಡಿಯುವ ಕೊಳವೆಬಾವಿಗಳ ಕಡೆಗೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ಮಾನದಂಡ ಹೇಳುತ್ತದೆ. ಅಮೋನಿಯವನ್ನು ನೈಟ್ರೇಟ್ ಮಾಡಿ ಅಲ್ಲಿಗೇ ನಿಲ್ಲುವ ವ್ಯವಸ್ಥೆ ಅಲ್ಲಿ ಅರ್ಧ ಕೆಲಸ ಮಾಡಿದಂತೆ. ಗಡಿಯ ಆ ಕಡೆಯ ಬ್ಯಾಕ್ಟೀರಿಯಾಗಳಿಗೂ ಜಾಗ ಬೇಕು. ಅವು ತಿನ್ನಲು ಕೊಳೆತ ಎಲೆ, ಒಣಗಿ ಬಿದ್ದ ಜೊಂಡಿನಂಥ ಇಂಗಾಲದ ಆಹಾರವೂ ಬೇಕು. ‘ಕಸ’ವೆಂದು ಪೂರ್ತಿ ಗುಡಿಸಿ ತೆಗೆದರೆ ಅವು ಉಪವಾಸ ಬೀಳುತ್ತವೆ. ಆ ಕೆರೆಗಳ ಬಾಯಿಯಲ್ಲಿ ಸರಿಯಾದ ಜೌಗುಗಳಿಗೆ ಈಗಲಾದರೂ ಜಾಗ ಮೀಸಲಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಕೆರೆಗೆ ಸುರಿಯಲೆಂದು ಮಾರುವ ಬ್ಯಾಕ್ಟೀರಿಯಾ ಪುಡಿ, ಎಂಜೈಮ್ ದ್ರಾವಣಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಹೊಸದಾಗಿ ಕಟ್ಟಿದ ಮಡಿಗೆ ಹೆಪ್ಪು ಹಾಕುವುದು ತಪ್ಪಲ್ಲ. ಆದರೆ ಹೆಪ್ಪನ್ನು ಚೀಲದಲ್ಲಿ ದುಡ್ಡು ಕೊಟ್ಟು ತರಬೇಕಿಲ್ಲ. ಚೆನ್ನಾಗಿ ನಡೆಯುತ್ತಿರುವ ಹಳೆಯ ಜೌಗಿನ ಒಂದು ಗಾಡಿ ಜಲ್ಲಿಯನ್ನು ಹೊಸದರಲ್ಲಿ ಬೆರೆಸಿದರೆ, ಅದೇ ಊರಿನ ನೀರಿಗೂ ಹವೆಗೂ ಹೊಂದಿಕೊಂಡ ಸಮುದಾಯವೇ ಬರುತ್ತದೆ. ಕೆಟ್ಟು ನಾರುವ ಕೆರೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಬರವೇನಿಲ್ಲ, ಅಲ್ಲಿ ಕೊರತೆ ಇರುವುದು ಆಮ್ಲಜನಕ ಮತ್ತು ನೆಲೆ ನಿಲ್ಲುವ ಜಾಗ. ಆ ಎರಡನ್ನು ಕೊಡದೆ ಪುಡಿಯನ್ನಷ್ಟೇ ಸುರಿದರೆ ಅದು ಹರಿಯುವ ನೀರಿನೊಡನೆ ಕೋಡಿ ದಾಟಿ ಹೋಗುತ್ತದೆ. ಆ ಹಣದಲ್ಲಿ ತೂಬು ತಿರುಗಿಸುವ ಒಬ್ಬ ನೀರುಗಂಟಿಗೆ ವರ್ಷವಿಡೀ ಸಂಬಳ ಕೊಡುವುದು ಲೇಸು. ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಎಂಬುದು ಬಹಳ ಹಳೆಯ ಕೆಲಸ. ಜೌಗಿಗೂ ಬೇಕಾಗಿರುವುದು ಅಂಥ ಒಬ್ಬರೇ.

ಸೊಳ್ಳೆಯ ದೂರು ನಿಮಗೆ ದಿನವೂ ಬರುತ್ತದೆ ಎಂದು ಬಲ್ಲೆ, ಬ್ಲೀಚಿಂಗ್ ಪುಡಿ ಬಂದದ್ದೂ ಅದರಿಂದಲೇ. ಆ ದೂರು ನ್ಯಾಯವಾದದ್ದು. ನೀರು ಜಲ್ಲಿಯ ಮೇಲ್ಮೈಗಿಂತ ಕೆಳಗೇ ಹರಿಯುವಂತೆ ಮಟ್ಟ ಕಾಯ್ದುಕೊಂಡರೆ ಸೊಳ್ಳೆಗೆ ಮೊಟ್ಟೆಯಿಡಲು ಜಾಗವಿರುವುದಿಲ್ಲ. ತೆರೆದ ನೀರು ಇರಲೇಬೇಕಾದ ಕಡೆ ಬಿಟಿಐ ಎಂಬ ಜೈವಿಕ ಔಷಧ ಸಾಕು. ಅದೂ ಒಂದು ಬ್ಯಾಕ್ಟೀರಿಯಾದಿಂದಲೇ ಬಂದದ್ದು, ಸೊಳ್ಳೆಯ ಮರಿಗಳನ್ನು ಕೊಲ್ಲುತ್ತದೆ, ಮಡಿಯಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾಗಳ ತಂಟೆಗೆ ಹೋಗುವುದಿಲ್ಲ.

ಜೌಗು ಎಲ್ಲವನ್ನೂ ಮಾಡುತ್ತದೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ರಂಜಕವನ್ನು ಬ್ಯಾಕ್ಟೀರಿಯಾಗಳು ಗಾಳಿಗೆ ಬಿಡಲಾರವು. ಅದು ಜಲ್ಲಿಗೂ ಹೂಳಿಗೂ ಅಂಟಿಕೊಂಡು ಉಳಿಯುತ್ತದೆ, ಒಂದು ದಿನ ಜಲ್ಲಿಯೂ ತುಂಬಿಹೋಗುತ್ತದೆ. ಹೀಗಾಗಿ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸಲೇಬೇಕು, ಹೂಳಿನ ಗುಂಡಿಯನ್ನು ತೋಡಲೇಬೇಕು. ಜಲ್ಲಿ ಕಟ್ಟಿಕೊಂಡು ನೀರು ಮೇಲೆ ಉಕ್ಕುವ ಹಂತ ಬಂದರೆ ಅದನ್ನೂ ಬದಲಿಸಬೇಕು. ಕಾರ್ಖಾನೆಯ ಲೋಹದ ನೀರನ್ನಾಗಲಿ, ಘಟಕವನ್ನೇ ಹೊಗದೆ ಬಂದ ಹಸಿ ಕೊಳಚೆಯ ಪ್ರವಾಹವನ್ನಾಗಲಿ ಜೌಗಿನ ತಲೆಗೆ ಕಟ್ಟಬಾರದು. ಯಲಹಂಕ ಬಳಿಯ ಜಕ್ಕೂರು ಕೆರೆಯನ್ನು ನಾವೆಲ್ಲ ಮಾದರಿ ಎನ್ನುವುದು ಅಲ್ಲಿ ಜೌಗು ಒಂದೇ ಇರುವುದಕ್ಕಲ್ಲ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಶುದ್ಧೀಕರಣ ಘಟಕ, ಅದರ ಕೆಳಗೆ ಜೌಗು, ಅದರ ಕೆಳಗೆ ಸುಮಾರು 160 ಎಕರೆಯ ಕೆರೆ ಎಂಬ ಸಾಲು ಅಲ್ಲಿರುವುದಕ್ಕೆ. ಆ ಕೆರೆಯಲ್ಲಿ ಮೀನುಗಾರರು ಬಲೆ ಹಾಕುತ್ತಾರೆ. ಮೇಲಿನ ಘಟಕ ಕೆಟ್ಟ ದಿನ ಜೌಗಿಗೂ ತಡೆಯಲಾಗುವುದಿಲ್ಲ.

ಆದ್ದರಿಂದ ಮುಂದಿನ ಟೆಂಡರ್ ಸಿದ್ಧಪಡಿಸುವಾಗ ಜೌಗಿನ ಕೆಲಸವನ್ನು ಉದ್ಯಾನದ ಕೆಲಸದಿಂದ ಬೇರ್ಪಡಿಸಿ ಬರೆಯಬೇಕೆಂದು ಕೋರುತ್ತೇನೆ. ಜೊಂಡನ್ನು ಕೊಯ್ಯುವುದು ಬುಡದ ಮೇಲಕ್ಕೆ ಮಾತ್ರ ಆಗಲಿ, ಬೇರು ಕೀಳುವಂತಿಲ್ಲ ಎಂದಿರಲಿ. ಒಂದು ಸಲಕ್ಕೆ ಒಂದೇ ಪಟ್ಟಿ, ಹೆಚ್ಚೆಂದರೆ ನಾಲ್ಕನೇ ಒಂದು ಭಾಗ. ಅದು ಚಿಗುರಿ ನಿಂತ ಮೇಲೆ ಮುಂದಿನದು. ಜಲ್ಲಿ ಬದಲಿಸುವುದಾದರೂ ಅದೇ ಕ್ರಮ, ಮತ್ತು ಮಳೆಗಾಲಕ್ಕೆ ಎರಡು ತಿಂಗಳು ಬಾಕಿ ಇರುವಾಗ ಆ ಕೆಲಸ ಮುಗಿದಿರಬೇಕು, ಏಕೆಂದರೆ ಪ್ಯಾರಿಸ್ಸಿನ ಕೊಳವೆಗೂ ಇಪ್ಪತ್ತು ದಿನ ಬೇಕಾಯಿತು. ಬ್ಲೀಚಿಂಗ್ ಪುಡಿ, ಫಿನಾಯಿಲ್, ಕಳೆನಾಶಕಗಳಿಗೆ ಜೌಗಿನ ಬೇಲಿಯೊಳಗೆ ಪ್ರವೇಶವಿಲ್ಲವೆಂದು ಸ್ಪಷ್ಟವಾಗಿ ಬರೆಯಿರಿ. ಬಿಲ್ ಪಾವತಿಯನ್ನು ಕಿತ್ತ ಕಳೆಯ ಚದರ ಮೀಟರಿಗೆ ಕಟ್ಟುವ ಬದಲು, ಜೌಗಿಗೆ ಬರುವ ನೀರಿನಲ್ಲೂ ಹೊರಡುವ ನೀರಿನಲ್ಲೂ ತಿಂಗಳಿಗೆರಡು ಸಲ ಅಮೋನಿಯ, ನೈಟ್ರೇಟ್, ಕರಗಿದ ಆಮ್ಲಜನಕವನ್ನು ಅಳೆದು, ಎರಡರ ನಡುವಿನ ವ್ಯತ್ಯಾಸಕ್ಕೆ ಕಟ್ಟಿ. ವರ್ಷಕ್ಕೊಮ್ಮೆ ಸಮೀಪದ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಜಲ್ಲಿಯ ಲೋಳೆಯ ಮಾದರಿ ಕಳಿಸಿದರೆ, ಯಾವ ಯಾವ ಬ್ಯಾಕ್ಟೀರಿಯಾ ಕುಲಗಳಿವೆ ಎಂಬುದನ್ನು ಡಿಎನ್‌ಎ ಓದಿ ಹೇಳುವುದು ಈಗ ಎಂ.ಎಸ್ಸಿ. ವಿದ್ಯಾರ್ಥಿಗಳ ಕೈಗೆಟಕುವ ಕೆಲಸ. ಆ ಪಟ್ಟಿ ಕೆರೆಯ ಕಡತದಲ್ಲಿ ಇರಲಿ. ಅಮೋನಿಯ ಏರಿದ ದಿನ ಯಾವ ಕುಲ ಕಾಣೆಯಾಗಿದೆ ಎಂದು ನೋಡಲು ಹಳೆಯ ದಾಖಲೆಯಾದರೂ ಇರುತ್ತದೆ.

ನಮ್ಮ ಜೌಗಿನಲ್ಲಿ ಹೊಸ ಜೊಂಡು ಈಗ ಎದೆಯೆತ್ತರ ಬೆಳೆದಿದೆ. ಹೋದ ವಾರ ಒಂದು ಬುಡವನ್ನು ಎತ್ತಿ ನೋಡಿದೆ. ಎಳೆಯ ಬೇರಿನ ತುದಿಯಲ್ಲಿ ಒಂದು ಬೆರಳಿನಗಲದಷ್ಟು ಉದ್ದಕ್ಕೆ ಕೆಂಗಂದು ಬಣ್ಣ ಮರಳಿ ಬಂದಿದೆ, ಕಿಟ್‌ನ ಹಸಿರು ಸ್ವಲ್ಪ ತಿಳಿಯಾಗಿದೆ. ಈ ವರ್ಷದ ನಿರ್ವಹಣೆಯ ಟೆಂಡರ್ ಇನ್ನೂ ಕರೆದಿಲ್ಲ ಎಂದು ತಿಳಿಯಿತು. ಕರೆಯುವ ಮುನ್ನ ಅದರ ಕರಡನ್ನು ಸಾರ್ವಜನಿಕರ ಅವಗಾಹನೆಗೆ ಇಡಬೇಕೆಂದೂ, ಷರತ್ತು ಬರೆಯುವ ಎಂಜಿನಿಯರುಗಳು ಒಂದು ಬೆಳಿಗ್ಗೆ ನಮ್ಮ ಕೆರೆಯ ಬಾಯಿಗೆ ಬಂದು ನಾಲ್ಕು ತೂಬುಗಳನ್ನೂ ಆ ಬೇರನ್ನೂ ಕಣ್ಣಾರೆ ನೋಡಬೇಕೆಂದೂ ಪ್ರಾರ್ಥಿಸುತ್ತೇನೆ. ಕಿಟ್ ಹಿಡಿದು ನಾನು ಅಲ್ಲಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೆರೆಯ ಏರಿಯ ಪಕ್ಕದ ನಿವಾಸಿ